ಪುಟ್ಟ ಮಕ್ಕಳಿಗೆ ಚಿತ್ರಪುಸ್ತಕದ ಉಡುಗೊರೆ: ಆರಿಸುವುದು ಹೇಗೆ?

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ವಿದ್ಯೆಯ ಮಾತು ಬಂದಾಗಲೆಲ್ಲ ನಾವು ಎಸ್.ಎಸ್.ಎಲ್.ಸಿ. ಫಲಿತಾಂಶ, ಪಿ.ಯು.ಸಿ. ಅಂಕ, ವಿದ್ಯಾರ್ಥಿವೇತನ, ಹಾಸ್ಟೆಲ್ ಇವುಗಳ ಬಗ್ಗೆಯೇ ಚರ್ಚಿಸುತ್ತೇವೆ. ಅದು ಅಗತ್ಯವೂ ಹೌದು. ಆದರೆ ಇಂದು ನಾನು ಇನ್ನೂ ಶಾಲೆಯ ಮೆಟ್ಟಿಲು ಹತ್ತದ, ಈ ಸಭೆಯಲ್ಲಿ ತಾಯಂದಿರ ಮಡಿಲಲ್ಲಿ ಕುಳಿತಿರುವ ಮಕ್ಕಳ ಬಗ್ಗೆ ಮಾತನಾಡುತ್ತೇನೆ. ಅವರಿಗೆ ನಾವು ಕೊಡುವ ಉಡುಗೊರೆಯೇ ನನ್ನ ವಿಷಯ.

ಅಕೀಕಾ, ಬಿಸ್ಮಿಲ್ಲಾ, ಎರಡು ಈದ್, ಮನೆ ಗೃಹಪ್ರವೇಶ ಹೀಗೆ ಮಕ್ಕಳ ಕೈಗೆ ಏನಾದರೂ ಕೊಡುವ ಸಂದರ್ಭಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಬಟ್ಟೆ, ಬೆಳ್ಳಿಯ ಗೆಜ್ಜೆ, ಪ್ಲಾಸ್ಟಿಕ್ ಕಾರು, ಸ್ಟೀಲ್ ಡಬ್ಬಿ, ಇಲ್ಲವೇ ಈದಿಯ ನೋಟು ಕೊಡುತ್ತೇವೆ. ಪುಸ್ತಕ ಕೊಡುವವರು ವಿರಳ. ನಮ್ಮ ಹಿರಿಯರು ರೂಢಿಸಿಕೊಂಡು ಬಂದ ಒಂದು ಪದ್ಧತಿಯನ್ನು ನೆನಪಿಸಿಕೊಳ್ಳಿ. ಮಗುವಿಗೆ ನಾಲ್ಕು ವರ್ಷ, ನಾಲ್ಕು ತಿಂಗಳು, ನಾಲ್ಕು ದಿನ ತುಂಬಿದಾಗ ಬಿಸ್ಮಿಲ್ಲಾ ಹೇಳಿಸಿ ಓದು ಆರಂಭಿಸುತ್ತಿದ್ದರು. ಇದು ಫರ್ಜ್ ಅಲ್ಲ, ಕೇವಲ ರೂಢಿ. ಆದರೂ ಈ ರೂಢಿಯ ಹಿಂದೆ ಒಂದು ತಿಳಿವಳಿಕೆ ಇದೆ. ಕಿವಿ ಚುರುಕಾಗಿ, ನಾಲಿಗೆ ತಿರುಗಿ, ಪ್ರಶ್ನೆಗಳು ಉಕ್ಕುವ ವಯಸ್ಸು ಅದು. ಚಿತ್ರಪುಸ್ತಕಕ್ಕೂ ಅದೇ ಹದವಾದ ವಯಸ್ಸು. ಪವಿತ್ರ ಕುರ್‌ಆನಿನ ಅವತೀರ್ಣವೇ ಓದಿನ ಆಜ್ಞೆಯಿಂದ ಆರಂಭವಾಯಿತು ಎಂಬುದನ್ನು ಪ್ರತಿ ಸಭೆಯಲ್ಲೂ ಹೇಳುವ ನಾವು ಮಗುವಿನ ಬಿಸ್ಮಿಲ್ಲಾಕ್ಕೆ ಸಿಹಿ ಹಂಚಿ, ಪುಸ್ತಕವನ್ನು ಮಾತ್ರ ಮರೆಯುವುದು ಸರಿಯೇ?

ಇನ್ನು ನಮ್ಮ ಪ್ರದೇಶದ ಸಂಗತಿಗೆ ಬರೋಣ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇದರಲ್ಲಿ ಪಾವಗಡದ ಮೂರು ದಿಕ್ಕಿಗೂ ಆಂಧ್ರದ ಗಡಿ ಇದೆ. ರಾಯಚರ್ಲುವಿನಂಥ ಊರಿನಲ್ಲಿ ನಮ್ಮ ಸಮುದಾಯದ ಒಂದು ಮಗುವಿನ ದಿನವನ್ನು ಊಹಿಸಿಕೊಳ್ಳಿ. ಮನೆಯಲ್ಲಿ ಅಮ್ಮ ದಖನಿ ಉರ್ದುವಿನಲ್ಲಿ 'ಬಕ್ರಿ' ಎನ್ನುತ್ತಾಳೆ. ಬೀದಿಯಲ್ಲಿ ಆಡುವ ಗೆಳೆಯ ತೆಲುಗಿನಲ್ಲಿ 'ಮೇಕ' ಎನ್ನುತ್ತಾನೆ. ಅಂಗನವಾಡಿಯ ಟೀಚರ್ ಕನ್ನಡದಲ್ಲಿ 'ಮೇಕೆ' ಎನ್ನುತ್ತಾರೆ. ಮುರ್ಗಿ, ಕೋಡಿ, ಕೋಳಿ. ಬಿಲ್ಲಿ, ಪಿಲ್ಲಿ, ಬೆಕ್ಕು. ಮೂರು ಭಾಷೆ ಕೇಳಿ ಬೆಳೆಯುವುದು ದೊಡ್ಡ ಸಂಪತ್ತು. ಆದರೆ ಪುಸ್ತಕದ ಕನ್ನಡವನ್ನು ಮಗು ಮೊದಲ ಬಾರಿಗೆ ಕೇಳುವುದೇ ಒಂದನೇ ತರಗತಿಯ ಬೆಂಚಿನ ಮೇಲೆ ಎಂದಾದರೆ ಆ ಸಂಪತ್ತೇ ಹೊರೆಯಾಗುತ್ತದೆ. ಬೇರೆ ಮಕ್ಕಳು ಅಕ್ಷರ ಕಲಿಯುವಾಗ ನಮ್ಮ ಮಗು ಭಾಷೆ ಮತ್ತು ಅಕ್ಷರ ಎರಡನ್ನೂ ಒಟ್ಟಿಗೆ ಕಲಿಯಬೇಕು. ಅಲ್ಲಿ ಹಿಂದೆ ಬಿದ್ದ ಮಗುವನ್ನು 'ಓದಿನಲ್ಲಿ ಮಂದ' ಎಂದು ಕರೆದುಬಿಡುತ್ತೇವೆ. ಹತ್ತನೇ ತರಗತಿಯ ಫಲಿತಾಂಶ ನೋಡಿ ನಾವು ಮರುಗುವ ಎಷ್ಟೋ ಸೋಲುಗಳ ಬೇರು ಇಲ್ಲಿದೆ.

ಚಿತ್ರಪುಸ್ತಕ ನೆರವಾಗುವುದು ಇಲ್ಲಿಯೇ. ಚಿತ್ರಕ್ಕೆ ಲಿಪಿಯಿಲ್ಲ. ಪುಟದಲ್ಲಿರುವ ಮೇಕೆ ಮೂರು ಹೆಸರಿಗೂ ಓಗೊಡುತ್ತದೆ. ಗೊತ್ತಿರುವ ಹೆಸರಿನಿಂದ ಗೊತ್ತಿಲ್ಲದ ಹೆಸರಿಗೆ ಮಗು ನಗುನಗುತ್ತಲೇ ದಾಟುತ್ತದೆ.

ಹಾಗಾದರೆ ಯಾವ ಪುಸ್ತಕ ಕೊಡಬೇಕು? ಅಂಗಡಿಯಲ್ಲಿ ಸಾಮಾನ್ಯವಾಗಿ ನಾವು ಕೇಳುವ ಪ್ರಶ್ನೆಗಳು ಎರಡು: ಮಗುವಿಗೆ ವಯಸ್ಸೆಷ್ಟು, ಪುಸ್ತಕಕ್ಕೆ ಬೆಲೆಯೆಷ್ಟು? ಇವೆರಡಕ್ಕಿಂತ ಮೊದಲು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು ಎಂದು ಹೇಳಲೆಂದೇ ನಾನಿಲ್ಲಿ ನಿಂತಿದ್ದೇನೆ. ಈ ಪುಸ್ತಕವನ್ನು ಮಗುವಿನ ಜೊತೆ ಕುಳಿತು ತೆರೆಯುವವರು ಯಾರು? ಮೂರು ವರ್ಷದ ಮಗು ತಾನೇ ಓದಲಾರದು. ಅದಕ್ಕೆ ಓದಿ ಹೇಳುವ ಒಬ್ಬರು ಬೇಕು. ಆ ಒಬ್ಬರ ಕೈಗೆ ಒಗ್ಗದ ಪುಸ್ತಕ ಎಷ್ಟೇ ಚೆಂದವಿದ್ದರೂ ಶೋಕೇಸಿನಲ್ಲಿ ಉಳಿಯುತ್ತದೆ. ಆದ್ದರಿಂದ ಪುಸ್ತಕವನ್ನು ಮಗುವಿಗಾಗಿ ಮಾತ್ರವಲ್ಲ, ಮಗು ಮತ್ತು ಓದುವವರು ಸೇರಿದ ಜೋಡಿಗಾಗಿ ಆರಿಸಬೇಕು. ನಮ್ಮ ಮನೆಗಳಲ್ಲಿ ಅಂಥ ಓದುವವರು ನಾಲ್ಕು ಬಗೆ.

ಮೊದಲನೆಯವರು ಕನ್ನಡ ಓದಬಲ್ಲ ತಂದೆ ತಾಯಿ. ಇವರಿಗೆ ಹೆಚ್ಚು ಆಯ್ಕೆ ಇದೆ. 1957ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯ ಮಾಲೆಯ ಪುಸ್ತಕಗಳು ಕನ್ನಡದಲ್ಲಿ ಕಡಿಮೆ ಬೆಲೆಗೆ ದೊರೆಯುತ್ತವೆ. 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ತನ್ನ ಪುಸ್ತಕಗಳನ್ನು ಓದಿನ ಮಟ್ಟಕ್ಕೆ ತಕ್ಕಂತೆ ನಾಲ್ಕು ಹಂತಗಳಾಗಿ ವಿಂಗಡಿಸಿದೆ. ನವಕರ್ನಾಟಕ ಪ್ರಕಾಶನದವರೂ ಮಕ್ಕಳ ಪುಸ್ತಕಗಳನ್ನು ತಂದಿದ್ದಾರೆ. ಚೆನ್ನೈನ ತೂಲಿಕಾ ಸಂಸ್ಥೆ ಒಂದೇ ಪುಟದಲ್ಲಿ ಕನ್ನಡ ಮತ್ತು ಇಂಗ್ಲಿಷ್ ಎರಡೂ ಇರುವ ಪುಸ್ತಕಗಳನ್ನು ಪ್ರಕಟಿಸಿದೆ.

ಎರಡನೆಯವರು ಉರ್ದು ಮಾತ್ರ ಓದಬಲ್ಲ ತಾಯಂದಿರು. ಮದ್ರಸಾದಲ್ಲೋ ಉರ್ದು ಶಾಲೆಯಲ್ಲೋ ಕಲಿತವರು. ಇವರನ್ನು 'ಅನಕ್ಷರಸ್ಥರು' ಎಂದು ಪಕ್ಕಕ್ಕಿಡುವುದು ಅನ್ಯಾಯ. ದೆಹಲಿಯ ರಾಷ್ಟ್ರೀಯ ಉರ್ದು ಭಾಷಾ ಪ್ರೋತ್ಸಾಹ ಮಂಡಳಿ ಮಕ್ಕಳಿಗಾಗಿ ಪುಸ್ತಕಗಳನ್ನು ಪ್ರಕಟಿಸುತ್ತದೆ. ನ್ಯಾಷನಲ್ ಬುಕ್ ಟ್ರಸ್ಟ್ ಕೂಡ ಉರ್ದುವಿನಲ್ಲಿ ಮಕ್ಕಳ ಪುಸ್ತಕ ತರುತ್ತದೆ. ಇಲ್ಲಿ ನನ್ನದೊಂದು ಸಲಹೆ. ಒಂದೇ ಕಥೆ ಉರ್ದು ಮತ್ತು ಕನ್ನಡ ಎರಡರಲ್ಲೂ ಸಿಕ್ಕರೆ ಎರಡನ್ನೂ ಜೋಡಿಯಾಗಿ ಕೊಡಿ. ಉರ್ದು ಪುಸ್ತಕ ಬಲದಿಂದ ತೆರೆಯುತ್ತದೆ, ಕನ್ನಡದ್ದು ಎಡದಿಂದ. ಹಾಗಾಗಿ ಎರಡನ್ನೂ ಒಂದೇ ಪುಸ್ತಕದಲ್ಲಿ ಅಚ್ಚು ಹಾಕುವುದು ತೊಡಕು. ಎರಡು ಪುಸ್ತಕ ಕೊಡುವುದು ಸುಲಭ. ಅಮ್ಮ ಉರ್ದುವಿನಲ್ಲಿ ಓದಿದ ಕಥೆಯನ್ನು ಅದೇ ಚಿತ್ರಗಳ ಜೊತೆ ಅಕ್ಕ ಕನ್ನಡದಲ್ಲಿ ಓದಿದಾಗ ಮಗುವಿಗೆ ಹೊಸ ಭಾಷೆ ಅಪರಿಚಿತ ಅನ್ನಿಸುವುದಿಲ್ಲ. ಕಥೆ ಗೊತ್ತಿದೆ, ಮಾತು ಮಾತ್ರ ಹೊಸದು.

ಮೂರನೆಯವರು ಯಾವ ಲಿಪಿಯನ್ನೂ ಓದದ ದಾದಿ, ನಾನಿಯರು. ಇವರಿಗೆ ಪದಗಳೇ ಇಲ್ಲದ ಚಿತ್ರಕಥೆಯ ಪುಸ್ತಕ ಕೊಡಿ. ಅಂಥ ಪುಸ್ತಕಗಳು ಇವೆ. ಪುಟದಿಂದ ಪುಟಕ್ಕೆ ಚಿತ್ರವೇ ಕಥೆ ಹೇಳುತ್ತದೆ. ಅಜ್ಜಿಯ ಬಾಯಲ್ಲಿ ಅದು ದಿನಕ್ಕೊಂದು ಬಗೆಯ ಕಥೆಯಾಗುತ್ತದೆ. ಅಮೆರಿಕದ ಗಾಯಕಿ ಡಾಲಿ ಪಾರ್ಟನ್ ಅವರ ತಂದೆಗೆ ಓದು ಬರೆಹ ಬರುತ್ತಿರಲಿಲ್ಲ. ಆ ನೆನಪಿನಿಂದಲೇ ಅವರು 1995ರಲ್ಲಿ ತಮ್ಮ ಊರಿನ ಪ್ರದೇಶದಲ್ಲಿ ಹುಟ್ಟಿನಿಂದ ಐದು ವರ್ಷದವರೆಗೆ ಪ್ರತಿ ಮಗುವಿಗೂ ತಿಂಗಳಿಗೊಂದು ಪುಸ್ತಕ ಉಡುಗೊರೆ ಕಳಿಸುವ ಯೋಜನೆ ಆರಂಭಿಸಿದರು. ಇಂದು ಅದು ಹಲವು ದೇಶಗಳಿಗೆ ಹರಡಿದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ 1992ರಲ್ಲಿ 300 ಶಿಶುಗಳ ಮನೆಗಳಿಗೆ ಪುಸ್ತಕ ಕೊಟ್ಟು ಆರಂಭವಾದ 'ಬುಕ್‌ಸ್ಟಾರ್ಟ್' ಕೂಡ ಹೀಗೆಯೇ ಬೆಳೆಯಿತು. ಸಣ್ಣ ಪ್ರದೇಶವೊಂದರಲ್ಲಿ ಆರಂಭಿಸಿದ್ದರಿಂದ ಅವರಿಗೆ ನಷ್ಟವೇನೂ ಆಗಲಿಲ್ಲ.

ನಾಲ್ಕನೆಯವರು ನೀವು, ವಿದ್ಯಾರ್ಥಿಗಳು. ಆರನೆಯ ತರಗತಿಯ ಅಕ್ಕ, ಒಂಬತ್ತನೆಯ ತರಗತಿಯ ಅಣ್ಣ. ತಂದೆ ಕೂಲಿಗೋ ವ್ಯಾಪಾರಕ್ಕೋ ಹೋಗಿರುತ್ತಾರೆ, ತಾಯಿಗೆ ಬಿಡುವಿಲ್ಲ. ಎಷ್ಟೋ ಮನೆಗಳಲ್ಲಿ ಕನ್ನಡವನ್ನು ಸರಾಗವಾಗಿ ಓದಬಲ್ಲವರು ನೀವೊಬ್ಬರೇ. ತಮ್ಮನಿಗೆ ಓದಿ ಹೇಳಿದರೆ ನಿಮ್ಮ ಓದಿಗೆ ತೊಂದರೆಯಾಗುತ್ತದೆಂದು ತಿಳಿಯಬೇಡಿ. ಗಟ್ಟಿಯಾಗಿ ಓದುವ ಅಭ್ಯಾಸ ನಿಮ್ಮ ಉಚ್ಚಾರಣೆಯನ್ನು ತಿದ್ದುತ್ತದೆ, ನಾಲ್ಕು ಜನರ ಮುಂದೆ ಮಾತನಾಡುವ ಧೈರ್ಯವನ್ನೂ ಕೊಡುತ್ತದೆ.

ಓದುವವರು ಯಾರೆಂದು ಗೊತ್ತಾದ ಮೇಲೆ ವಯಸ್ಸನ್ನು ನೋಡಿ. ಎರಡು ವರ್ಷದೊಳಗಿನ ಮಗು ಪುಸ್ತಕವನ್ನು ಮೊದಲು ಬಾಯಿಗೆ ಇಡುತ್ತದೆ. ಅದಕ್ಕೆ ದಪ್ಪ ರಟ್ಟಿನ, ಮೂಲೆ ದುಂಡಗಿರುವ, ಪುಟಕ್ಕೊಂದೇ ದೊಡ್ಡ ಚಿತ್ರವಿರುವ ಪುಸ್ತಕ ಸಾಕು. ಎರಡರಿಂದ ನಾಲ್ಕು ವರ್ಷಕ್ಕೆ ಪುಟಕ್ಕೆ ಒಂದೆರಡು ಸಾಲು, ಮತ್ತೆ ಮತ್ತೆ ಬರುವ ಮಾತು, ದಿನವೂ ಕಾಣುವ ವಸ್ತುಗಳು. ನಾಲ್ಕರಿಂದ ಆರಕ್ಕೆ ಆರಂಭ, ತೊಡಕು, ಮುಕ್ತಾಯ ಇರುವ ಪುಟ್ಟ ಕಥೆ. ಅದರ ಮೇಲಿನವರಿಗೆ ದೀರ್ಘ ಕಥೆ. ಜಾಮಿಯಾ ಮಿಲ್ಲಿಯಾವನ್ನು ಕಟ್ಟಿ ಬೆಳೆಸಿದವರಲ್ಲಿ ಪ್ರಮುಖರೂ 1967ರಲ್ಲಿ ರಾಷ್ಟ್ರಪತಿಗಳಾದವರೂ ಆದ ಡಾ. ಝಾಕಿರ್ ಹುಸೇನ್ ಅವರು ಮಕ್ಕಳಿಗಾಗಿ ಉರ್ದುವಿನಲ್ಲಿ ಕಥೆಗಳನ್ನು ಬರೆದರು. ಅವರ 'ಅಬ್ಬೂ ಖಾನ್ ಕೀ ಬಕ್ರಿ' ಕಥೆಯಲ್ಲಿ ಹಗ್ಗ ಬೇಡವೆಂದು ಬೆಟ್ಟಕ್ಕೆ ಹೋದ ಮೇಕೆ ತೋಳದೊಡನೆ ರಾತ್ರಿಯಿಡೀ ಹೋರಾಡಿ ಬೆಳಗಿನ ಹೊತ್ತಿಗೆ ಪ್ರಾಣ ಬಿಡುತ್ತದೆ. ಅದ್ಭುತ ಕಥೆ. ಆದರೆ ಮೂರು ವರ್ಷದ ಮಗುವಿಗೆ ಅದು ಭಯ ಹುಟ್ಟಿಸಬಹುದು. ಎಂಟು ವರ್ಷದ ಮಗುವಿನ ಜೊತೆ ಸ್ವಾತಂತ್ರ್ಯದ ಬಗ್ಗೆ ಮಾತನಾಡಲು ಅದಕ್ಕಿಂತ ಒಳ್ಳೆಯ ಕಥೆ ಸಿಗುವುದು ಕಷ್ಟ. ಒಳ್ಳೆಯ ಪುಸ್ತಕವೂ ತನ್ನ ವಯಸ್ಸಿಗೇ ಹೋಗಬೇಕು.

ಮೂರನೆಯದಾಗಿ, ಕೊಳ್ಳುವ ಮುನ್ನ ಪುಸ್ತಕವನ್ನು ಅಂಗಡಿಯಲ್ಲೇ ನಿಂತು ಎರಡು ಪುಟ ಗಟ್ಟಿಯಾಗಿ ಓದಿ ನೋಡಿ. ನಾಚಿಕೆ ಬೇಡ. ನಾಲಿಗೆ ತಡವರಿಸಿದರೆ ಅದು ಒರಟು ಅನುವಾದ. 'ವೃಕ್ಷದ ಶಾಖೆಯ ಮೇಲೆ ಪಕ್ಷಿಯು ಆಸೀನವಾಗಿತ್ತು' ಎಂಬ ಕನ್ನಡ ಮಗುವಿಗೆ ಬೇಡ; 'ಮರದ ಮೇಲೆ ಹಕ್ಕಿ ಕೂತಿತ್ತು' ಎಂದರೆ ಸಾಕು. ಮಗು ಕೇಳುವ ಪುಸ್ತಕದಲ್ಲಿ ಒತ್ತಕ್ಷರ ಎಷ್ಟಿದ್ದರೂ ಚಿಂತೆಯಿಲ್ಲ, ಅದನ್ನು ಓದುವವರು ನೀವು. ಮಗು ತಾನೇ ಓದಲು ಆರಂಭಿಸುವಾಗ ಮಾತ್ರ ಒತ್ತಕ್ಷರ ಕಡಿಮೆಯಿರುವ, ಅಕ್ಷರ ದೊಡ್ಡದಾಗಿರುವ ಪುಸ್ತಕ ಆರಿಸಿ. ಹೊಲಿಗೆಯ ಪಿನ್ನು ಹೊರಗೆ ಚುಚ್ಚುವಂತಿದೆಯೇ ಎಂದು ಬೆರಳಾಡಿಸಿ ನೋಡಿ. ಚಿತ್ರ ಮತ್ತು ಮಾತು ಒಂದೇ ಪುಟದಲ್ಲಿ ಹೊಂದುತ್ತವೆಯೇ ಗಮನಿಸಿ. ಸೇಬು, ಇಗ್ಲೂ, ಯಾಕ್ ಎಂದು ಸಾಲಾಗಿ ಚಿತ್ರ ಅಂಟಿಸಿದ ಅಕ್ಷರಮಾಲೆಯ ಪುಸ್ತಕ ಅಗ್ಗಕ್ಕೆ ಸಿಗುತ್ತದೆ. ಅದು ಉರು ಹೊಡೆಯಲು ಬರುತ್ತದೆ, ಮಾತನಾಡಿಸಲು ಬರುವುದಿಲ್ಲ.

ನಾಲ್ಕನೆಯದಾಗಿ, ಪುಸ್ತಕದಲ್ಲಿ ಕನ್ನಡಿಯೂ ಇರಲಿ, ಕಿಟಕಿಯೂ ಇರಲಿ. ಇದು 1990ರಲ್ಲಿ ಅಮೆರಿಕದ ವಿದ್ವಾಂಸೆ ರುಡೀನ್ ಸಿಮ್ಸ್ ಬಿಷಪ್ ಕೊಟ್ಟ ಹೋಲಿಕೆ. ತನ್ನಂಥ ಹೆಸರಿನ, ತನ್ನಂಥ ಮನೆಯ ಮಗುವನ್ನು ಪುಸ್ತಕದಲ್ಲಿ ಕಂಡಾಗ ಅದು ಕನ್ನಡಿ; ಬೇರೆಯವರ ಬದುಕು ಕಂಡಾಗ ಅದು ಕಿಟಕಿ. ನಮ್ಮ ಹುಡುಗಿಗೆ ಸಲ್ಮಾ ಎಂಬ ಹೆಸರಿನ ನಾಯಕಿಯೂ ಬೇಕು, ಲಕ್ಷ್ಮಿ ಎಂಬ ಹೆಸರಿನ ಗೆಳತಿಯೂ ಬೇಕು. ನೆರೆಮನೆಯ ಲಕ್ಷ್ಮಿಯ ಹುಟ್ಟುಹಬ್ಬಕ್ಕೆ ನೀವು ಸಲ್ಮಾಳ ಪುಸ್ತಕ ಕೊಟ್ಟರೆ ಅವಳಿಗೂ ಒಂದು ಕಿಟಕಿ ತೆರೆದಂತೆ.

ಇನ್ನು ನಮ್ಮವರು ಎತ್ತುವ ಕೆಲವು ಆಕ್ಷೇಪಗಳಿಗೆ ಉತ್ತರಿಸುತ್ತೇನೆ.

ಜೀವಿಗಳ ಚಿತ್ರ ಸರಿಯೇ ಎಂದು ಕೆಲವರು ಪ್ರಾಮಾಣಿಕವಾಗಿ ಕೇಳುತ್ತಾರೆ. ಚಿತ್ರಗಳ ವಿಷಯದಲ್ಲಿ ಉಲಮಾಗಳಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ. ತೀರ್ಪು ಹೇಳುವ ಅಧಿಕಾರ ನನಗಿಲ್ಲ. ಎರಡು ಸಂಗತಿಗಳನ್ನು ಮಾತ್ರ ನಿಮ್ಮ ಮುಂದಿಡುತ್ತೇನೆ. ಹಝ್ರತ್ ಆಯಿಶಾ(ರ) ಅವರು ಗೊಂಬೆಗಳೊಡನೆ ಆಡುತ್ತಿದ್ದ, ಅವುಗಳಲ್ಲಿ ರೆಕ್ಕೆಯುಳ್ಳ ಕುದುರೆಯೂ ಇದ್ದ, ಅದನ್ನು ಕಂಡು ಪ್ರವಾದಿ(ಸ)ರವರು ನಕ್ಕ ಪ್ರಸಂಗ ಅಬೂದಾವೂದ್ ಹದೀಸ್ ಸಂಗ್ರಹದಲ್ಲಿದೆ. ಇನ್ನೊಂದು, ನಮ್ಮ ಪಂಚತಂತ್ರದ ಪಯಣ. ಅದು ಆರನೆಯ ಶತಮಾನದಲ್ಲಿ ಪಹ್ಲವಿ ಭಾಷೆಗೆ ಹೋಯಿತು. ಎಂಟನೆಯ ಶತಮಾನದಲ್ಲಿ ಇಬ್ನುಲ್ ಮುಕಫ್ಫಾ ಅದನ್ನು 'ಕಲೀಲಾ ವ ದಿಮ್ನಾ' ಎಂದು ಅರಬಿಗೆ ತಂದರು. ಬಣ್ಣಬಣ್ಣದ ಪ್ರಾಣಿಚಿತ್ರಗಳು ಓದುಗರ ಮನಸ್ಸನ್ನು ರಂಜಿಸಬೇಕೆಂಬುದು ಈ ಪುಸ್ತಕದ ಉದ್ದೇಶಗಳಲ್ಲೊಂದು ಎಂದು ಅವರೇ ಪೀಠಿಕೆಯಲ್ಲಿ ಹೇಳಿದ್ದಾರೆ. ಅರಬ್ ನಾಡುಗಳಲ್ಲಿ ಶತಮಾನಗಳ ಕಾಲ ಅದರ ಸಚಿತ್ರ ಹಸ್ತಪ್ರತಿಗಳು ಸಿದ್ಧವಾದವು. ಅದೇ ಪಂಚತಂತ್ರವನ್ನು ಹನ್ನೊಂದನೆಯ ಶತಮಾನದಲ್ಲಿ ದುರ್ಗಸಿಂಹ ಕನ್ನಡಕ್ಕೆ ತಂದ. ಕರಟಕ ದಮನಕರೂ ಕಲೀಲಾ ದಿಮ್ನಾರೂ ಒಂದೇ ಜೋಡಿ ನರಿಗಳು! ಇಷ್ಟಾದರೂ ಜೀವಿಗಳ ಚಿತ್ರ ಬೇಡವೆನ್ನುವ ಮನೆಗೆ ನೀವು ಉಡುಗೊರೆ ಕೊಡುತ್ತಿದ್ದರೆ ಅವರ ಭಾವನೆಯನ್ನು ಗೌರವಿಸಿ. ಗಿಡಮರ, ಹಣ್ಣು, ಮಳೆ, ಚಂದ್ರನ ಕಲೆಗಳು, ಬಸ್ಸು ರೈಲು, ಆಕಾರ ಮತ್ತು ಸಂಖ್ಯೆಗಳ ಪುಸ್ತಕ ಕೊಡಿ. ಅಲ್ಲೂ ಕಲಿಯಲು ಬೇಕಾದಷ್ಟಿದೆ.

'ಮಗು ಹರಿದುಹಾಕುತ್ತದೆ, ಸ್ಟೀಲ್ ಡಬ್ಬಿಯಾದರೆ ಹತ್ತು ವರ್ಷ ಬಾಳುತ್ತದೆ' ಎನ್ನುತ್ತಾರೆ. ಹರಿಯಲಿ. ಹರಿದ ಪುಟಕ್ಕೆ ಅಂಟುಪಟ್ಟಿ ಹಚ್ಚಬಹುದು. ನೂರು ಸಲ ತೆರೆದು ಮೂಲೆ ಮಡಚಿದ ಪುಸ್ತಕ ತನ್ನ ಕೆಲಸ ಮಾಡಿದೆ.

'ಮೊಬೈಲಿನಲ್ಲೇ ಕಥೆ ಬರುತ್ತದಲ್ಲ' ಎನ್ನುವವರಿದ್ದಾರೆ. ಎರಡು ವರ್ಷ ತುಂಬದ ಮಕ್ಕಳಿಗೆ ಪರದೆಯೇ ಬೇಡ, ನಾಲ್ಕು ವರ್ಷದವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಮಗು ಕುಳಿತಿರುವ ಹೊತ್ತಿನಲ್ಲಿ ಹಿರಿಯರು ಓದಿ, ಕಥೆ ಹೇಳುವುದು ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿದೆ. ಮೊಬೈಲು ಮಗುವಿಗೆ ಮಾತು ಕೇಳಿಸುತ್ತದೆ, ಮಗುವಿನ ಮಾತನ್ನು ಕೇಳಿಸಿಕೊಳ್ಳುವುದಿಲ್ಲ. 1988ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಚಿತ್ರಪುಸ್ತಕವನ್ನು ಸುಮ್ಮನೆ ಓದಿಬಿಡದೆ 'ಇದೇನು? ಮುಂದೇನಾಗಬಹುದು?' ಎಂದು ಕೇಳುತ್ತ, ಮಗುವಿನ ಉತ್ತರವನ್ನು ಬೆಳೆಸುತ್ತ ಹೋಗಲು ತಂದೆತಾಯಿಗಳಿಗೆ ಕಲಿಸಿದರು. ಒಂದೇ ತಿಂಗಳಲ್ಲಿ ಆ ಮಕ್ಕಳ ಮಾತು ಉಳಿದವರಿಗಿಂತ ಮುಂದೆ ಹೋಯಿತು. ಆದ್ದರಿಂದ ಪುಸ್ತಕ ಕೊಡುವಾಗ ಈ ಕ್ರಮವನ್ನೂ ಎರಡು ಮಾತಿನಲ್ಲಿ ಹೇಳಿಕೊಡಿ.

'ಪುಸ್ತಕ ಎಲ್ಲಿ ಸಿಗುತ್ತದೆ?' ಇದು ನ್ಯಾಯವಾದ ಪ್ರಶ್ನೆ. ನಮ್ಮ ಪೇಟೆಗಳಲ್ಲಿ ಸಿಗುವುದು ಹೆಚ್ಚಾಗಿ ಪಠ್ಯ, ಗೈಡು, ನೋಟ್‌ಬುಕ್. ತುಮಕೂರಿಗೋ ಬೆಂಗಳೂರಿಗೋ ಹೋದಾಗ ಪಟ್ಟಿ ಹಿಡಿದು ತರಬೇಕು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರ ನವೆಂಬರಿನಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಡಿ ಶಾಲಾ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುವ ವ್ಯವಸ್ಥೆ ಬಂದಿದೆ. ಅಕ್ಕನ ಹೆಸರಿನಲ್ಲಿ ತಂದ ಪುಸ್ತಕ ತಮ್ಮನಿಗೂ ಆಗುತ್ತದೆ. ಪ್ರಥಮ್ ಬುಕ್ಸ್ 2015ರ ಸೆಪ್ಟೆಂಬರ್ 8ರಂದು ಆರಂಭಿಸಿದ 'ಸ್ಟೋರಿವೀವರ್' ಎಂಬ ತಾಣದಲ್ಲಿ ಕನ್ನಡ, ಉರ್ದು, ತೆಲುಗು ಮೂರರಲ್ಲೂ ಸಚಿತ್ರ ಕಥೆಗಳಿವೆ. ಮುಕ್ತ ಪರವಾನಗಿ ಇರುವುದರಿಂದ ಅವನ್ನು ಉಚಿತವಾಗಿ ಪಡೆದು ಮುದ್ರಿಸಬಹುದು, ಅನುವಾದಿಸಬಹುದು, ಹೊಸ ಕಥೆಯನ್ನೂ ಸೇರಿಸಬಹುದು.

ಈ ಕೊನೆಯ ಮಾತನ್ನು ವಿದ್ಯಾರ್ಥಿಗಳು ಗಮನಿಸಬೇಕು. ರಾಯಚರ್ಲು, ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು ಈ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾದದ್ದು. ಕಡಲೆಕಾಯಿ ಹೊಲವಿದ್ದ ಕಡೆ ಈಗ ನೀಲಿ ಫಲಕಗಳ ಸಾಲು. ಅದನ್ನು ನೋಡಿ 'ಸೂರ್ಯ ಇದರೊಳಗೆ ಹೇಗೆ ಬರುತ್ತಾನೆ?' ಎಂದು ಕೇಳುವ ಮಗುವಿಗೆ ಯಾವ ಪುಸ್ತಕ ಕೊಡುತ್ತೀರಿ? ನೀವೇ ಮಾಡಿ ಕೊಡಿ. ಹದಿನಾರು ಪುಟ, ಪುಟಕ್ಕೊಂದು ಚಿತ್ರ, ಚಿತ್ರಕ್ಕೆರಡು ಸಾಲು. ಒಂದು ಸಾಲು ಕನ್ನಡದಲ್ಲಿ, ಇನ್ನೊಂದು ಮನೆಯ ದಖನಿಯನ್ನೇ ಕನ್ನಡ ಲಿಪಿಯಲ್ಲಿ ಬರೆದದ್ದು. ಸೂಜಿ ದಾರದಿಂದ ಹೊಲಿಯಿರಿ. ಅಂಗಡಿಯಲ್ಲಿ ಸಿಗದ ಉಡುಗೊರೆ ಅದು.

ಸಂಘದ ಮುಂದೆ ನನ್ನದೊಂದು ಬಿನ್ನಹ. ಪ್ರತಿವರ್ಷ ಪ್ರತಿಭಾ ಪುರಸ್ಕಾರದಲ್ಲಿ ಫಲಕ, ಶಾಲು, ಹಾರಗಳಿಗೆ ಖರ್ಚು ಮಾಡುತ್ತೇವೆ. ಅದರಲ್ಲಿ ಹಾರ ಶಾಲುಗಳ ಖರ್ಚನ್ನು ಉಳಿಸಿ, ಬಹುಮಾನ ಪಡೆದ ಪ್ರತಿ ವಿದ್ಯಾರ್ಥಿಯ ಕೈಗೂ ಒಂದು ಚಿತ್ರಪುಸ್ತಕ ಕೊಡೋಣ. ಅದು ಅವರಿಗಲ್ಲ, ಅವರ ಮನೆಯ ಅಥವಾ ಬೀದಿಯ ಪುಟ್ಟ ಮಗುವಿಗೆ. ಷರತ್ತು ಒಂದೇ: ಪುಸ್ತಕವನ್ನು ಅವರೇ ಓದಿ ಹೇಳಬೇಕು. ಹೀಗೆ ಮಾಡಿದರೆ ಪುಸ್ತಕದ ಜೊತೆ ಓದುವವರನ್ನೂ ಕೊಟ್ಟಂತಾಗುತ್ತದೆ. ಮುಂದಿನ ವರ್ಷ ಒಂದನೇ ತರಗತಿಗೆ ಸೇರುವ ನಮ್ಮ ಮಕ್ಕಳು ಕನ್ನಡ ಪುಸ್ತಕ ತೆರೆದಾಗ ಅದು ಅವರಿಗೆ ಮೊದಲೇ ಪರಿಚಯವಿದ್ದ ವಸ್ತುವಾಗಿರಲಿ.

ಅಲ್ಲಾಹನು ನಮ್ಮ ಮಕ್ಕಳಿಗೆ ಉಪಯುಕ್ತ ಜ್ಞಾನವನ್ನು ದಯಪಾಲಿಸಲಿ, ಆಮೀನ್.